ಅಜ್ಜಿಯರಿಗೂ ಕೇಳುತ್ತಿದ್ದ ಪ್ರಶ್ನೆ

ಎಕ್ಸ್‌ರೇ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗಿಯರು ಆಗಾಗ ನನ್ನ ಮನೆಗೆ ಬರುತ್ತಾರೆ. ಬಂದವರು ಚಹಾ ಕುಡಿದು ಮೊದಲು ಕೇಳುವುದು ಒಂದೇ ಮಾತು. ಕಿರಣಗಳಿಂದ ಮೈಗೆ ಏನಾದರೂ ಆಗುತ್ತದೆಯೇ? ನನಗೇನೂ ಆಗಿಲ್ಲ ಎನ್ನುತ್ತೇನೆ. ಮೊಣಕಾಲು ನೋಯುತ್ತದೆ, ಅದು ಕಿರಣದಿಂದಲ್ಲ, ಬೀದರಿನ ನಮ್ಮ ಮನೆಯ ಮೆಟ್ಟಿಲಿನಿಂದ. ಅವರು ಕೇಳಬೇಕಾದ ಮಾತು ಬೇರೆಯೇ ಇದೆ, ಅದನ್ನು ಮಾತ್ರ ಯಾರೂ ಕೇಳುವುದಿಲ್ಲ. ಯಂತ್ರ ಓಡಿಸುವುದನ್ನು ಯಾರು ಬೇಕಾದರೂ ಕಲಿಸುತ್ತಾರೆ. ಬಾಗಿಲು ಹಾಕಿದ ಮೇಲೆ ಆ ಕೋಣೆಯಲ್ಲಿ ನಡೆಯುವ ಮಾತುಕತೆಯನ್ನು ಯಾರೂ ಕಲಿಸುವುದಿಲ್ಲ. ಅದಕ್ಕಾಗಿ ಇದನ್ನು ಬರೆಯಲು ಕೂತಿದ್ದೇನೆ.

ನಮ್ಮ ಕೋಣೆಗೆ ಎರಡು ಗುಣಗಳಿವೆ. ಒಂದು, ಆಸ್ಪತ್ರೆಯಲ್ಲಿ ಬೇರೆಲ್ಲೂ ಇಲ್ಲದ ಎ.ಸಿ. ಅಲ್ಲಿರುತ್ತದೆ. ರೋಗಿಗಳ ಮೇಲಿನ ಪ್ರೀತಿಯಿಂದಲ್ಲ, ಯಂತ್ರ ಬಿಸಿಯಾಗಬಾರದು ಎಂದು. ಎರಡು, ಅಲ್ಲಿಗೆ ಗಂಡ ಬರುವ ಹಾಗಿಲ್ಲ. ಡಾಕ್ಟರರ ಕೋಣೆಯಲ್ಲಿ ಹೆಂಗಸಿನ ಪಕ್ಕದ ಸ್ಟೂಲಿನ ಮೇಲೆ ಗಂಡ ಕೂತಿರುತ್ತಾನೆ, ಔಷಧದ ಕಿಟಕಿಯಲ್ಲಿ ಮಗ ನಿಂತಿರುತ್ತಾನೆ, ಹೆರಿಗೆ ಕೋಣೆಯ ಬಾಗಿಲಿಗೆ ಅತ್ತೆ ಕಿವಿ ಹಚ್ಚಿರುತ್ತಾಳೆ. ನಮ್ಮ ಬಾಗಿಲಿನ ಮೇಲೆ ಕೆಂಪು ಗುರುತು ಇದೆ, ಅದನ್ನು ನೋಡಿ ಎಂಥ ಗಂಡನೂ ಹೊರಗಿನ ಬೆಂಚಿಗೆ ಹೋಗುತ್ತಾನೆ. ಹಾಗಾಗಿ ಬೀದರ್, ಭಾಲ್ಕಿ, ಔರಾದಗಳ ಹೆಣ್ಣುಮಕ್ಕಳು ಮತ್ತೆಲ್ಲೂ ಹೇಳದ್ದನ್ನು ನನ್ನ ಮುಂದೆ, ಕಬ್ಬಿಣದ ಮೇಜಿನ ಮೇಲೆ ಮಲಗಿ, ಮೇಲಿನ ಛಾವಣಿ ನೋಡುತ್ತ ಹೇಳಿದ್ದಾರೆ.

ನನಗೆ ಕೆಲಸ ಕಲಿಸಿದವರು ಬೀದರಿನ ಖಾಜಾ ಸಾಬರು. ಆಗ ಫಿಲಂ ತೊಳೆಯುವ ಕಾಲ. ಕತ್ತಲ ಕೋಣೆಯಲ್ಲಿ ಸಣ್ಣ ಕೆಂಪು ದೀಪ, ಮೂಗಿಗೆ ಅಡರುವ ಔಷಧದ ವಾಸನೆ, ತಂತಿಯ ಮೇಲೆ ಒಣಗುತ್ತಿದ್ದ ಮಂದಿಯ ಎಲುಬುಗಳು. ಸಾಬರು ಶಿಸ್ತಿನ ಮನುಷ್ಯ, ಮುಂಗೋಪಿ, ಫಿಲಂ ಹಾಳಾದರೆ ತಮ್ಮ ಮನೆಯ ಮದುವೆ ಕೆಟ್ಟವರಂತೆ ಮುಖ ಮಾಡುತ್ತಿದ್ದರು. ಮೊದಲ ವಾರವೇ ನನಗೆ ಒಂದು ಜವಾಬ್ದಾರಿ ವಹಿಸಿದರು. ಹೆಣ್ಣುಮಗಳು ಯಾರೇ ಬರಲಿ, ಕಿರಣ ಬಿಡುವ ಮುನ್ನ ಕಡೆಯ ಸಲ ಹೊರಗಾದದ್ದು ಯಾವಾಗ ಎಂದು ಕೇಳಬೇಕು. ಹೊಟ್ಟೆಯಲ್ಲಿ ಕೂಸು ಇದ್ದರೆ ಕಿರಣ ತಾಗಬಾರದಲ್ಲ, ಅದಕ್ಕೆ. ಗಂಡಸಾದ ಅವರಿಗೆ ಅದನ್ನು ಕೇಳಲು ಬಾಯಿ ಬರುತ್ತಿರಲಿಲ್ಲ. ಅಲ್ಲಿಯತನಕ ಹೊರಗೆ ಹೋಗಿ ಗಂಡಂದಿರನ್ನು ಕೇಳಿ ಬರುತ್ತಿದ್ದರಂತೆ.

"ಗಂಡ್ರಿಗೇನ್ ಗೊತ್ತದ ಸುಜಾತಾ? ಬಾಯಿಗೆ ಬಂದಿದ್ದ ಹೇಳ್ತಿದ್ರು, ನಾ ಬರ್ಕೋತಿದ್ದೆ. ನೀ ಎಲ್ಲಾರ್ಗೂ ಕೇಳು. ವಯಸ್ಸು ನೋಡಿ ಬಿಡಬ್ಯಾಡ. ಇವತ್ತ ಒಬ್ಬಾಕಿಗಿ ಬಿಟ್ಟಿ ಅಂದ್ರ ನಾಳಿ ಹತ್ತು ಮಂದಿಗಿ ಬಿಡ್ತಿ" ಎಂದರು.

ಹಾಗೆ ನಾನು ಎಲ್ಲರಿಗೂ ಕೇಳಲು ಶುರು ಮಾಡಿದೆ. ಮೊಮ್ಮಕ್ಕಳನ್ನು ಕಂಡವರಿಗೂ ಕೇಳಿದೆ, ಮರಿಮಕ್ಕಳನ್ನು ಕಂಡವರಿಗೂ ಕೇಳಿದೆ. ಅಜ್ಜಿಯರು ಕೊಡುತ್ತಿದ್ದ ಉತ್ತರ ನಗು. ಕೆಲವರು ಸೆರಗು ಬಾಯಿಗೆ ಹಿಡಿದು ನಗುವರು. ಕೆಲವರು ಮುರಿದ ಕೈಯ ನೋವು ಮರೆತು ಮೇಜು ಅಲುಗುವಂತೆ ನಗುವರು. ಬಗದಲ್ ಕಡೆಯ ಒಬ್ಬ ಮುದುಕಿ, ನಿಮ್ಮವ್ವ ಹುಟ್ಟೋಕಿಂತ ಮೊದಲೇ ನಿಂತದ, ಬರ್ಕೋ ಎಂದಳು. ಇನ್ನೊಬ್ಬಳು, ನಿಂತಿದ್ದು ಛಲೋ ಆತು, ಈಗ ದೇವರ ಜಗುಲಿಗೆ ಯಾವಾಗ ಬೇಕಾದರೂ ಹೋಗುತ್ತೇನೆ, ಸೊಸೆಯರು ಮೂಲೆಯಲ್ಲಿ ಕೂತಾಗ ಇಡೀ ಮನೆಯ ಕಾರುಬಾರು ನನ್ನದೇ ಎಂದು ಹೆಮ್ಮೆಯಿಂದ ಹೇಳಿದಳು. ಆ ನಗುವಿನಿಂದ ನನಗೊಂದು ಲಾಭವಿತ್ತು. ನಕ್ಕ ಮೈ ಸಡಿಲಾಗುತ್ತದೆ, ಸಡಿಲಾದ ಮೈಯ ಚಿತ್ರ ಚೆನ್ನಾಗಿ ಬರುತ್ತದೆ.

ಭಾಲ್ಕಿಗೆ ವರ್ಗವಾದ ಮೇಲೆ ಈ ಪ್ರಶ್ನೆಯಿಂದ ಬೈಸಿಕೊಂಡದ್ದೂ ಉಂಟು. ಬೀದರ್ ಹತ್ತಿರದ ಕೊಳಾರದ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುವ ಒಬ್ಬ ಮನುಷ್ಯ ತಾಯಿಯ ಸೊಂಟದ ಚಿತ್ರ ತೆಗೆಸಲು ಬಂದಿದ್ದ. ತಾಯಿ ಒಳಗೆ ನಕ್ಕಳು, ಹೊರಗೆ ಹೋಗಿ ಮಗನ ಮುಂದೆ ಹೇಳಿ ಮತ್ತೆ ನಕ್ಕಳು. ಮಗನಿಗೆ ಮಾತ್ರ ನಗು ಬರಲಿಲ್ಲ. ನಮ್ಮವ್ವಗೆ ಅಪಮಾನ ಮಾಡ್ಯಾರ ಎಂದು ಮೆಡಿಕಲ್ ಆಫೀಸರರ ಬಳಿ ದೂರು ಕೊಟ್ಟ. ಡಾಕ್ಟರರು ನನ್ನನ್ನು ಕರೆಸಿ, ಐವತ್ತು ದಾಟಿದವರಿಗೆ ಯಾಕೆ ಕೇಳುತ್ತೀ, ಕೂದಲು ಬೆಳ್ಳಗಾಗಿದ್ದು ಕಾಣುವುದಿಲ್ಲವೇ ಎಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ದಿನಕ್ಕೆ ಅಷ್ಟೊಂದು ಮಂದಿ ಬರುವ ಕಡೆ ಇಂಥ ದೂರು ಅವರಿಗೂ ತಲೆನೋವು. ಹೂಂ ಎಂದು ತಲೆ ಆಡಿಸಿ ಬಂದೆ, ಮರುದಿನ ಮತ್ತೆ ಎಲ್ಲರಿಗೂ ಕೇಳಿದೆ. ನನ್ನದು ಹಟವೇ ಹೊರತು ಬೇರೆ ಯಾವ ಜ್ಞಾನವೂ ಅಲ್ಲ.

ಇನ್ನು ಎಲುಬಿನ ವಿಷಯ. ಮುಟ್ಟು ನಿಂತ ಹೆಂಗಸಿನ ಎಲುಬು ಬೇಗ ಬೇಗ ತೆಳ್ಳಗಾಗುತ್ತದೆ ಎಂದು ಡಾಕ್ಟರರು ಪುಸ್ತಕದಲ್ಲಿ ಓದುತ್ತಾರೆ. ನಾನು ಅದನ್ನು ದೀಪದ ಪೆಟ್ಟಿಗೆಯ ಮೇಲೆ ನೋಡಿದೆ. ಫಿಲಂನಲ್ಲಿ ಗಟ್ಟಿ ಎಲುಬು ಬೆಳ್ಳಗೆ ಕಾಣುತ್ತದೆ. ಈ ಹೆಂಗಸರ ಎಲುಬು ಬೂದಿಬಣ್ಣಕ್ಕೆ ತಿರುಗಿ, ಅಂಚು ಮಾತ್ರ ಪೆನ್ಸಿಲಿನಿಂದ ಗೀಚಿದಂತೆ ಉಳಿದಿರುತ್ತಿತ್ತು. ಬಚ್ಚಲಲ್ಲಿ ಜಾರಿ ಕೈ ಊರಿದ್ದಕ್ಕೆ ಮಣಿಕಟ್ಟು ಮುರಿದವರು, ಕೊಡ ಎತ್ತಿದ್ದಕ್ಕೆ ಬೆನ್ನೆಲುಬಿನ ಮಣಿ ಕುಸಿದವರು. ಬೆನ್ನು ಬಾಗಿದ ಮುದುಕಿಯರು ಅದನ್ನು ರೋಗ ಎಂದೇ ಎಣಿಸುತ್ತಿರಲಿಲ್ಲ, ವಯಸ್ಸು ಎನ್ನುತ್ತಿದ್ದರು. ಮುಂದೆ ಕಂಪ್ಯೂಟರಿನ ಕಾಲ ಬಂತು. ಕತ್ತಲ ಕೋಣೆ ಹೋಯಿತು, ಕೈಗೆ ವಾಸನೆ ಹತ್ತುವುದು ತಪ್ಪಿತು, ಎಲ್ಲರಿಗೂ ಸುಖವಾಯಿತು. ಆದರೆ ಒಂದು ಮಾತು ನೆನಪಿಡಿ. ಕಂಪ್ಯೂಟರು ತೆಳ್ಳಗಿನ ಎಲುಬನ್ನೂ ತಾನೇ ತಿದ್ದಿ ಚಂದ ಮಾಡಿ ತೋರಿಸುತ್ತದೆ. ಚಿತ್ರ ಚಂದ ಬಂತೆಂದು ಎಲುಬೂ ಚಂದ ಇದೆ ಎಂದುಕೊಳ್ಳಬೇಡಿ, ಅದಕ್ಕೆ ಸಾಂದ್ರತೆ ಅಳೆಯುವ ಬೇರೆ ಯಂತ್ರವೇ ಇದೆ.

ಅಳೆಯುವ ಯಂತ್ರದಿಂದ ಆಗುವ ಫಜೀತಿಯನ್ನು ಔರಾದದಲ್ಲಿ ಕಂಡೆ. ನಾನು ಅಲ್ಲಿದ್ದಾಗ ಯಾರೋ ಒಂದು ಶಿಬಿರ ಮಾಡಿದರು. ಹಿಮ್ಮಡಿ ಇಟ್ಟರೆ ಎಲುಬಿನ ಗಟ್ಟಿತನ ಹೇಳುವ ಪುಟ್ಟ ಪೆಟ್ಟಿಗೆ ತಂದಿದ್ದರು. ಬರಿಗಾಲಲ್ಲಿ ಹೊಲ ತಿರುಗಿ ಬಿರುಕು ಬಿಟ್ಟ ಹಿಮ್ಮಡಿಗಳು, ಆ ಪೆಟ್ಟಿಗೆಗೆ ಏನು ತಿಳಿಯಿತೋ, ಬಂದವರಿಗೆಲ್ಲ ಕೆಂಪು ಚೀಟಿ ಕೊಟ್ಟಿತು. ನಮ್ಮ ಓಣಿಯ ಚಂದ್ರಮ್ಮ ಎಂಬ ಗಟ್ಟಿಮುಟ್ಟಾದ ಹೆಂಗಸು ಕೆಂಪು ಚೀಟಿ ಹಿಡಿದು ಮನೆಗೆ ಹೋದವಳು ಮಂಚ ಹಿಡಿದಳು. ಎದ್ದರೆ ಬೀಳುತ್ತೇನೆ, ಬಿದ್ದರೆ ಮುರಿಯುತ್ತದೆ ಎಂಬ ಹೆದರಿಕೆ. ತೊಗರಿ ಹೊಲದ ಏರಿ ದಿನಾ ಹತ್ತಿ ಇಳಿಯುತ್ತಿದ್ದವಳು ನೀರಿನ ತಂಬಿಗೆಯನ್ನೂ ಸೊಸೆಯ ಕೈಯಿಂದ ತರಿಸಿಕೊಳ್ಳತೊಡಗಿದಳು. ಎಲುಬು ತೆಳ್ಳಗಾಗುವುದಕ್ಕೆ ಇದಕ್ಕಿಂತ ಸುಲಭದ ದಾರಿ ಇಲ್ಲ. ಕಡೆಗೆ ಬೀದರಿನ ದೊಡ್ಡ ಯಂತ್ರದಲ್ಲಿ ಸರಿಯಾಗಿ ಅಳೆಸಿದಾಗ ವಯಸ್ಸಿಗೆ ತಕ್ಕಷ್ಟು ಚೆನ್ನಾಗಿಯೇ ಇದೆ ಎಂದು ಬಂತು. ಅಲ್ಲಿನ ಡಾಕ್ಟರು ನಡಿ, ಬಿಸಿಲಿಗೆ ಕೂಡು, ಮಜ್ಜಿಗೆ ಎಳ್ಳು ಬಿಡಬೇಡ, ಮಂಚ ಬಿಡು ಎಂದರಂತೆ. ಮರುವಾರ ಅವಳು ಏರಿಯ ಮೇಲೆ ನಿಂತು ಸೊಸೆಗೆ ಬೈಯುವುದು ನಮ್ಮ ಮನೆಯ ತನಕ ಕೇಳಿಸಿತು. ನನಗೆ ಅಷ್ಟು ಹಿತವಾದ ಬೈಗುಳ ಬೇರೆ ನೆನಪಿಲ್ಲ.

ಅದೇ ಕಾಲಕ್ಕೆ ನನಗೂ ಮುಟ್ಟು ನಿಲ್ಲುವ ಹೊತ್ತು. ಸೀಸದ ಏಪ್ರನ್ ತೊಟ್ಟು ನಿಂತಾಗ ಎದೆಯಿಂದ ಮುಖಕ್ಕೆ ಝಳ ಏರುವುದೆಂದರೆ ಅನುಭವಿಸಿದವರಿಗೇ ಗೊತ್ತು. ಎ.ಸಿ.ಯ ಕೆಳಗೆ ನಿಂತು ಬೆವರು ಒರೆಸಿಕೊಳ್ಳುತ್ತಿದ್ದೆ. ಹಾರ್ಮೋನು ಗುಳಿಗೆಯ ಬಗ್ಗೆ ಡಾಕ್ಟರರನ್ನು ಕೇಳಿದೆ. ನನ್ನ ಅಕ್ಕನಿಗೆ ಎದೆಯ ಕ್ಯಾನ್ಸರ್ ಆಗಿತ್ತು, ನನ್ನ ಎದೆಯಲ್ಲೂ ಒಂದು ಗಂಟಿನ ಪರೀಕ್ಷೆ ನಡೆದಿತ್ತು. ಅದಕ್ಕೆ ನಿನಗೆ ಬೇಡ, ಬೇರೆ ಉಪಾಯ ನೋಡೋಣ ಎಂದರು. ಒಬ್ಬರಿಗೆ ಬೇಕಾದದ್ದು ಇನ್ನೊಬ್ಬರಿಗೆ ಬೇಡವಾಗುತ್ತದೆ, ತೂಗಿ ನೋಡುವುದು ಡಾಕ್ಟರರ ಕೆಲಸ. ನಾನು ಇದನ್ನು ಹೇಳುವುದು ಇಷ್ಟಕ್ಕೇ. ಮುಂದೆ ಬರುವ ಕಮಳಾಬಾಯಿಗೆ ಅದೇ ಗುಳಿಗೆ ನಿಜವಾಗಿ ಬೇಕಾಗಿತ್ತು.

ಔರಾದದಿಂದ ಮತ್ತೆ ಭಾಲ್ಕಿಗೆ ಬಂದ ಮೇಲಿನ ಮಾತು. ಕಮಳಾಬಾಯಿ ಸಾಯಗಾಂವ ಕಡೆಯವಳು, ಕುರಿ ಸಾಕುವ ಮನೆ, ಸ್ವಲ್ಪ ಒಣ ಬೇಸಾಯ. ಗಂಡ ಹಣಮಂತಪ್ಪ ಮಿತಭಾಷಿ, ಹೆಂಡತಿಯನ್ನು ಒಳಗೆ ಬಿಟ್ಟು ಬೆಂಚಿನ ಮೇಲೆ ಕಂಬಳಿ ಹೊದ್ದು ಕೂಡುವವ. ಮೊದಲ ಸಲ ಬಂದಾಗ ಅವಳ ಮಣಿಕಟ್ಟು ಮುರಿದಿತ್ತು. ಕುರಿಮರಿ ಕಾಲಿಗೆ ಅಡ್ಡ ಬಂದು ಬಿದ್ದಿದ್ದಳು. ಇನ್ನೂ ಐವತ್ತಾಗದ ಹೆಂಗಸಿಗೆ ಎಪ್ಪತ್ತರ ಎಲುಬು. ಪ್ರಶ್ನೆ ಕೇಳಿದೆ. ಅವಳು ನಕ್ಕು, ನಿಂತು ಬಹಳ ವರ್ಷವಾಯಿತು ಎಂದಳು. ಉಳಿದವರಿಗಿಂತ ಎಷ್ಟೋ ಮೊದಲೇ, ಮೂವತ್ತರ ಕೊನೆಯಲ್ಲೇ ಅವಳಿಗೆ ನಿಂತುಹೋಗಿತ್ತು. ಚಿತ್ರ ತೆಗೆದಾದ ಮೇಲೂ ಏಳಲಿಲ್ಲ. ಮೈಯೆಲ್ಲ ಬೆಂಕಿ ಹತ್ತುತ್ತದೆ, ನಿದ್ದೆ ಇಲ್ಲ, ಈ ತಂಪಿನಲ್ಲಿ ಇನ್ನೊಂದಿಷ್ಟು ಮಲಗಲೇ ಎಂದು ಕೇಳಿದಳು. ಹೊರಗೆ ಮಂದಿ ಕಾಯುತ್ತಿದ್ದರೂ ಬಿಟ್ಟೆ.

ನಮ್ಮ ಡಾಕ್ಟರರು ಅವಳನ್ನು ಬೀದರಿನ ಹೆಣ್ಣು ಡಾಕ್ಟರರ ಕಡೆ ಕಳಿಸಿದರು. ಅಷ್ಟು ಬೇಗ ನಿಂತವರಿಗೆ, ಬೇರೆ ಅಡ್ಡಿ ಇಲ್ಲದಿದ್ದರೆ, ಎಲುಬಿನ ಸಲುವಾಗಿ ಹಾರ್ಮೋನು ಕೊಡುವುದು ಸರಿ ಎಂದು ಅವರು ಎರಡು ಗುಳಿಗೆ ಬರೆದರು. ಒಂದು ದಿನಾ, ಇನ್ನೊಂದು ತಿಂಗಳಲ್ಲಿ ಕೆಲವು ದಿನ. ಎರಡೂ ತಗೋ, ಬಿಡಬೇಡ ಎಂದರಂತೆ. ಯಾಕೆ ಎರಡು, ಎರಡನೆಯದು ಏನು ಮಾಡುತ್ತದೆ ಎಂದು ಕೇಳಲು ಅವಳಿಗೆ ಆಗಲಿಲ್ಲ. ಪಕ್ಕದ ಸ್ಟೂಲಿನ ಮೇಲೆ ಹಣಮಂತಪ್ಪ ಕೂತಿದ್ದ.

ಇಲ್ಲಿ ಆ ಮನೆಯ ಪದ್ಧತಿಯನ್ನು ಹೇಳಬೇಕು. ಅವರಲ್ಲಿ ಮದುವೆಯ ಕಂಕಣ ಉಣ್ಣೆಯದು. ವಧುವರರ ಕೈಗೆ ಕಟ್ಟುವ ಆ ನೂಲನ್ನು ಅಂಗಡಿಯಿಂದ ತರುವಂತಿಲ್ಲ, ಮನೆಯ ಕುರಿಯ ಉಣ್ಣೆಯನ್ನು ಮನೆಯ ಹೆಂಗಸೇ ತಕಲಿಯಲ್ಲಿ ನೂಲಬೇಕು. ಆ ಹೆಂಗಸು ಹೊರಗಾಗುವುದು ನಿಂತವಳಾಗಿರಬೇಕು. ಮೊದಲು ಅವಳ ಅತ್ತೆ ತುಳಜಾಬಾಯಿ ನೂಲುತ್ತಿದ್ದಳು. ಅತ್ತೆಯ ಬೆನ್ನು ಬಾಗಿ ತಕಲಿ ನೆಲಕ್ಕೆ ತಾಗತೊಡಗಿದಾಗ ಕೆಲಸ ಸೊಸೆಗೆ ಬಂತು. ಇಡೀ ಬಳಗದಲ್ಲಿ ಅಷ್ಟು ಸಣ್ಣ ವಯಸ್ಸಿಗೆ ಆ ಮಾನ ಯಾರಿಗೂ ಸಿಕ್ಕಿರಲಿಲ್ಲ. ಬೇಗ ನಿಂತದ್ದಕ್ಕೆ ಒಳಗೊಳಗೇ ಅತ್ತಿದ್ದ ಕಮಳಾಬಾಯಿಗೆ ಅದರಿಂದ ಸಿಕ್ಕ ಒಂದೇ ಸಮಾಧಾನ ಆ ತಕಲಿ. ಇದೆಲ್ಲ ನನಗೆ ಆಗ ಗೊತ್ತಿರಲಿಲ್ಲ.

ಮುಂದಿನ ವರ್ಷ ಬೆನ್ನು ನೋವೆಂದು ಮತ್ತೆ ಬಂದಳು. ಮುಖ ತಿಳಿಯಾಗಿತ್ತು, ಝಳ ಇಲ್ಲ, ನಿದ್ದೆ ಬರುತ್ತದೆ ಎಂದಳು. ಮೇಜಿನ ಮೇಲೆ ಮಲಗಿಸಿ, ಗುಂಡಿ ಒತ್ತುವ ಮುನ್ನ, ಬಾಯಿಪಾಠದಂತೆ ಕೇಳಿದೆ. ಹೊರಗಾಗಿ ಎಷ್ಟು ದಿನ ಆಯ್ತು? ನಗು ಬರಲಿಲ್ಲ. ಅವಳು ಮುಖವನ್ನು ಗೋಡೆಯ ಕಡೆ ತಿರುಗಿಸಿದಳು.

ಇಷ್ಟು ವರ್ಷ ಕೇಳಿದ ಪ್ರಶ್ನೆಗೆ ಆ ವಯಸ್ಸಿನವರಿಂದ ಮೌನ ಬಂದದ್ದು ಅದೇ ಮೊದಲು. ನಾನು ದೊಡ್ಡ ಜಾಣೆಯಂತೆ ಬಸುರಿ ಎಂದು ತೀರ್ಮಾನಿಸಿಬಿಟ್ಟೆ. ಯಂತ್ರ ಆರಿಸಿ, ಅವಳ ಪಕ್ಕ ಕೂತು, ಹೆದರಬೇಡ, ಎಷ್ಟು ತಿಂಗಳು ಎಂದು ಮೆಲ್ಲಗೆ ಕೇಳಿದೆ. ಅವಳು ನನ್ನನ್ನು ಹುಚ್ಚಿಯನ್ನು ನೋಡುವಂತೆ ನೋಡಿದಳು. ಆಮೇಲೆ ಬಾಗಿಲು ಸರಿಯಾಗಿ ಹಾಕಿದೆಯೇ ಎಂದು ಕೇಳಿದಳು. ಹಾಕಿದೆ ಎಂದೆ.

"ಬಸ್ರಿ ಅಲ್ರಿ ಅಕ್ಕೋರೆ. ಕೆಂಪ ಕಾಣಕತ್ಯಾದ. ಒಂದ್ ದಿನ ಇರ್ತದ, ಒಂದ್ ದಿನ ಇರಲ್ಲ. ಯಾರ ಮುಂದೂ ಹೇಳಿಲ್ರಿ. ಮನ್ಯಾಗ ಮದಿವಿ ಅದ, ನಾ ನೂಲಬೇಕು" ಎಂದಳು.

ಮಾತಿನ ಹಿಂದೆ ಮಾತು ಬಂತು. ಎರಡನೆಯ ಗುಳಿಗೆ ಮುಗಿಸಿದ ಮೊದಲ ತಿಂಗಳೇ ಅವಳು ಹೊರಗಾಗಿದ್ದಳು. ಆ ಗುಳಿಗೆಯನ್ನು ಹಾಗೆ ಕೊಟ್ಟಾಗ ಅದು ಆಗುವುದು ಸಹಜ, ಆದರೆ ಅವಳಿಗೆ ಯಾರು ಹೇಳಬೇಕು? ಕಳೆದುಹೋಗಿದ್ದು ಮತ್ತೆ ಬಂತು, ತಕಲಿ ಕೈಬಿಡುತ್ತದೆ ಎಂದು ಅವಳು ಹೆದರಿದಳು. ಯೋಚನೆ ಮಾಡಿ ತಾನೇ ಒಂದು ದಾರಿ ಹುಡುಕಿದಳು. ಝಳ ಕಡಿಮೆ ಮಾಡುವ ಗುಳಿಗೆ ಒಳ್ಳೆಯದು, ಹೊರಗಾಗಿಸುವ ಗುಳಿಗೆ ಕೆಟ್ಟದ್ದು. ಒಳ್ಳೆಯದನ್ನು ದಿನಾ ನುಂಗಿದಳು, ಕೆಟ್ಟದ್ದನ್ನು ತಿಪ್ಪೆಗೆ ಒಗೆದಳು. ಹಲವು ತಿಂಗಳು ಏನೂ ಕಾಣಲಿಲ್ಲ, ತಾನು ಗೆದ್ದೆ ಎಂದುಕೊಂಡಳು. ಈಗ ಕಾಣತೊಡಗಿತ್ತು.

ನಾನು ಡಾಕ್ಟರಲ್ಲ. ಆದರೂ ಇಷ್ಟು ವರ್ಷ ಆಸ್ಪತ್ರೆಯಲ್ಲಿ ಇದ್ದವಳಿಗೆ ನಿಂತ ಮೇಲೆ ಕಾಣುವ ರಕ್ತ ಸುಮ್ಮನೆ ಬಿಡುವಂಥದ್ದಲ್ಲ ಎನ್ನುವಷ್ಟು ಗೊತ್ತಿತ್ತು. ಡಾಕ್ಟರರಿಗೆ ಹೇಳೋಣ ಎಂದೆ. ಅವಳು ನನ್ನ ಕೈ ಹಿಡಿದು ಬೇಡ ಎಂದಳು. ಹೇಳಿದರೆ ಗರ್ಭದ ಚೀಲ ತೆಗೆಯುತ್ತಾರೆ, ನಮ್ಮ ಓಣಿಯಲ್ಲಿ ಹೊಟ್ಟೆನೋವು ಎಂದು ಹೋದವರೆಲ್ಲ ಚೀಲ ತೆಗೆಸಿಕೊಂಡು ಬಂದಿದ್ದಾರೆ, ಮದುವೆ ಮುಗಿಯಲಿ ಎಂದಳು. ನಾನು ಬೈಯಲಿಲ್ಲ, ಹೆದರಿಸಲೂ ಇಲ್ಲ. ಬೇಗ ನೋಡಿದರೆ ತೆಗೆಯದೆಯೂ ವಾಸಿಯಾಗುವ ಸಾಧ್ಯತೆ ಇದೆ, ತಡ ಮಾಡಿದರೆ ಆ ಸಾಧ್ಯತೆ ಹೋಗುತ್ತದೆ ಎಂದಷ್ಟೇ ಹೇಳಿದೆ. ಗಂಡನಿಗೆ ನೀನು ಹೇಳುವ ತನಕ ನಾನು ಹೇಳುವುದಿಲ್ಲ ಎಂದೂ ಮಾತು ಕೊಟ್ಟೆ. ಕಡೆಗೆ ಆಗಲಿ ಎಂದಳು.

ಹಿಂದೆ ನನಗೆ ಬೈದಿದ್ದ ಮೆಡಿಕಲ್ ಆಫೀಸರರೇ ಇನ್ನೂ ಅಲ್ಲಿದ್ದರು, ಅವರ ಬಳಿ ಹೋದೆ. ಅವರು ಒಂದು ಮಾತೂ ಹೆಚ್ಚು ಆಡದೆ ಬೀದರಿಗೆ ಫೋನು ಹಚ್ಚಿದರು, ಮರುದಿನವೇ ನೋಡಬೇಕೆಂದು ಕೇಳಿಕೊಂಡರು. ಹೊರಗೆ ಬಂದು ಹಣಮಂತಪ್ಪನ ಪಕ್ಕ ಕೂತು, ಬೆನ್ನಿನ ಪರೀಕ್ಷೆ ಬೀದರಿನಲ್ಲೇ ಆಗಬೇಕು, ನಾಳೆ ಒಳಗೆ ಅವಳೊಬ್ಬಳನ್ನೇ ಬಿಡಬೇಕು ಎಂದರು. ಇಷ್ಟು ಸಲೀಸಾಗಿ ಸುಳ್ಳು ಹೇಳುವ ಮನುಷ್ಯ ಎಂದು ನನಗೆ ಗೊತ್ತಿರಲಿಲ್ಲ. ಆವತ್ತಿನಿಂದ ಅವರ ಮೇಲಿದ್ದ ಸಿಟ್ಟು ಹೋಯಿತು.

ರಜೆ ಹಾಕಿ ನಾನೂ ಜೊತೆಗೆ ಹೋದೆ. ಹೆಣ್ಣು ಡಾಕ್ಟರು ಸ್ಕ್ಯಾನ್ ಮಾಡಿದರು, ಚೀಲದ ಒಳಪದರ ದಪ್ಪವಾಗಿದೆ ಎಂದರು. ಅದರ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಈ ಸಲ ಸ್ಟೂಲು ಖಾಲಿ ಇದ್ದುದರಿಂದ ಎಲ್ಲವನ್ನೂ ಬಿಡಿಸಿ ಹೇಳಿದರು. ಮೊದಲ ಗುಳಿಗೆ ಎಲುಬು ಕಾಯುತ್ತದೆ, ಆದರೆ ಚೀಲದ ಪದರವನ್ನೂ ಬೆಳೆಸುತ್ತದೆ. ಹಾಗೆ ಬೆಳೆಯದಂತೆ ತಡೆಯುವುದೇ ಎರಡನೆಯದು. ಚೀಲ ಇರುವವರು ಅದನ್ನು ಬಿಟ್ಟು ಮೊದಲನೆಯದನ್ನೇ ತಿಂದರೆ ಪದರ ಕೆಡಬಹುದು. ನಾನೇ ಮೊದಲು ಹೇಳಬೇಕಿತ್ತು ಎಂದು ಅವರು ಅವಳ ಭುಜ ಮುಟ್ಟಿ ಹೇಳಿದರು. ವರದಿ ಬರುವ ತನಕ ಕಾಯಬೇಕಾಯಿತು.

ಆ ಕಾಯುವ ದಿನಗಳಲ್ಲೇ ಮದುವೆಗೆ ನೂಲುವ ಹೊತ್ತು ಬಂತು. ಮೈದುನನ ಮಗಳ ಮದುವೆ. ಕಮಳಾಬಾಯಿ ಫೋನು ಮಾಡಿ, ಅತ್ತೆಗೆ ಹೇಳಿಬಿಡುತ್ತೇನೆ, ಒಬ್ಬಳೇ ಹೇಳಲು ಧೈರ್ಯವಿಲ್ಲ, ಬರುತ್ತೀರಾ ಎಂದಳು. ಭಾನುವಾರ ಹೋದೆ. ಗಂಡಸರು ಕುರಿ ಹೊಡೆದುಕೊಂಡು ಹೋಗಿದ್ದರು. ತುಳಜಾಬಾಯಿ ಪಡಸಾಲೆಯಲ್ಲಿ ಕಂಬಳಿಯ ಮೇಲೆ ಕೂತಿದ್ದಳು. ಅಷ್ಟು ಬಾಗಿದ ಬೆನ್ನನ್ನು ನಾನು ಫಿಲಂನಲ್ಲೂ ಅಪರೂಪಕ್ಕೆ ಕಂಡದ್ದು. ಮಾತಾಡುವವರ ಮುಖ ನೋಡಲು ಕತ್ತನ್ನು ಪಕ್ಕಕ್ಕೆ ಹೊರಳಿಸಬೇಕಾಗಿತ್ತು. ಎದುರಿಗೆ ಬುಟ್ಟಿಯಲ್ಲಿ ಉಣ್ಣೆ, ಮೇಲೆ ತಕಲಿ.

ಕಮಳಾಬಾಯಿ ತಲೆ ತಗ್ಗಿಸಿ ಎಲ್ಲವನ್ನೂ ಹೇಳಿದಳು. ರಕ್ತ ಕಂಡದ್ದು, ಮುಚ್ಚಿಟ್ಟದ್ದು, ಗುಳಿಗೆ ಒಗೆದದ್ದು. ಈ ಸಲ ಬೇರೆ ಯಾರಾದರೂ ನೂಲಲಿ ಎಂದು ಮುಗಿಸಿದಳು. ನಾನು ಏನಾದರೂ ಹೇಳಬೇಕೆಂದು ಬಾಯಿ ತೆಗೆದೆ, ಮುದುಕಿ ಕೈ ಎತ್ತಿ ತಡೆದಳು. ಬುಟ್ಟಿಯೊಳಗೆ ಕೈ ಹಾಕಿ ಉಣ್ಣೆಯನ್ನು ಬಿಡಿಸುತ್ತ ಕೂತಳು. ಆಮೇಲೆ ಕತ್ತು ಹೊರಳಿಸಿ ಸೊಸೆಯನ್ನು ನೋಡಿದಳು.

"ನನಗೂ ಹಾಂಗೇ ಆಗಿತ್ತ. ನಿಂತದ ಅಂತ ತಕಲಿ ಹಿಡದೆ, ನೂಲಕೋತ ಕೂತಾಗೇ ಕಾಣಸ್ತು. ಎದ್ದ ಹೋಗಿದ್ರ ಮದಿವಿ ಮುಂದ ಹೋಗ್ತಿತ್ತ. ನಾ ಏಳ್ಲಿಲ್ಲ. ಪೂರಾ ನೂಲದೆ" ಎಂದಳು.

ಯಾವ ಮದುವೆಗೆ ಎಂದು ಕಮಳಾಬಾಯಿ ಕೇಳಿದಳು.

"ನಿಂದೇ. ಆ ಕಂಕಣ ನಿನ್ನ ಕೈಗೇ ಕಟ್ಯಾರ. ಏನ್ ಕೆಡುಕಾತು ನಿನಗ? ಛಲೋ ಗಂಡ ಇದ್ದಾನ, ಮಕ್ಕಳಿದ್ದಾವ, ಕುರಿ ಇದ್ದಾವ. ದೇವ್ರು ಏನೂ ಅಂದಿಲ್ಲ. ತಗೋ ತಕಲಿ."

ಕಮಳಾಬಾಯಿ ಗಳಗಳ ಅತ್ತಳು. ನನಗೂ ಕಣ್ಣು ತುಂಬಿ ಬಂತು, ಅದನ್ನು ಮುಚ್ಚಿಡುವ ಅಗತ್ಯ ಕಾಣಲಿಲ್ಲ. ಅತ್ತೆ ಸೊಸೆ ಅಷ್ಟು ವರ್ಷ ಒಂದೇ ಮನೆಯಲ್ಲಿದ್ದು ಒಂದೇ ಗುಟ್ಟನ್ನು ಬೇರೆ ಬೇರೆ ಹೊತ್ತುಕೊಂಡಿದ್ದರು. ಮುದುಕಿ ಮಾತ್ರ ಅಳಲಿಲ್ಲ. ನನ್ನ ಕಡೆ ತಿರುಗಿ, ನಮ್ಮ ಕಾಲಕ್ಕೆ ಕೇಳುವವರು ಯಾರೂ ಇರಲಿಲ್ಲ, ಇವಳದು ಸರಿಯಾಗಿ ನೋಡಿಸಿರಿ, ನನ್ನಂಗ ಬಾಗಬಾರದು ಎಂದಳು. ಆಮೇಲೆ ನಮಗೆಲ್ಲ ರೊಟ್ಟಿ ಬಡಿಯಲು ಸೊಸೆಯನ್ನು ಒಳಗೆ ಅಟ್ಟಿದಳು.

ವರದಿ ಬಂದದ್ದು ಮದುವೆಗೆ ಸ್ವಲ್ಪ ಮೊದಲು. ಡಾಕ್ಟರು ಓದಿ ನೋಡಿ, ಕ್ಯಾನ್ಸರ್ ಇಲ್ಲ, ಪದರ ದಪ್ಪವಾಗಿದೆ ಅಷ್ಟೇ, ಗುಳಿಗೆಯಿಂದಲೇ ಸರಿಹೋಗುತ್ತದೆ, ಚೀಲ ತೆಗೆಯುವ ಮಾತೇ ಇಲ್ಲ ಎಂದರು. ಕಮಳಾಬಾಯಿ ಸೀದಾ ಹೊರಗೆ ಹೋಗಿ ಹಣಮಂತಪ್ಪನಿಗೆ ಎಲ್ಲವನ್ನೂ ತಾನೇ ಹೇಳಿದಳು. ಅವನು ಕಂಬಳಿಯ ಅಂಚಿನಿಂದ ಮುಖ ಒರೆಸಿಕೊಂಡು, ಮೊದಲೇ ಹೇಳಬಾರದಿತ್ತೇನು ಎಂದನಷ್ಟೇ. ವಾಪಸು ಬರುವ ದಾರಿಯಲ್ಲಿ ಬಸ್ಸಿನಲ್ಲಿ ಮೂವರೂ ನಿದ್ದೆ ಹೋಗಿ ಭಾಲ್ಕಿ ದಾಟಿ ಹೋಗಿದ್ದೆವು.

ಕಮಳಾಬಾಯಿ ತಾನು ಒಗೆಯುತ್ತಿದ್ದ ಅದೇ ಗುಳಿಗೆಯನ್ನು ಕೆಲವು ತಿಂಗಳು ತಪ್ಪದೆ ನುಂಗಿದಳು. ಪದರ ಸರಿಯಾದದ್ದು ಖಾತ್ರಿಯಾದ ಮೇಲೆ ಡಾಕ್ಟರು ಕ್ರಮ ಬದಲಿಸಿ ಎರಡನ್ನೂ ದಿನಾ ಜೊತೆಯಲ್ಲೇ ತಿನ್ನಲು ಹೇಳಿದರು. ಹಾಗೆ ತಿಂದರೆ ಶುರುವಿನಲ್ಲಿ ಅಷ್ಟಿಷ್ಟು ಕಂಡರೂ ಬರಬರುತ್ತ ನಿಲ್ಲುತ್ತದೆ, ಮತ್ತೆ ಕಂಡರೆ ಮಾತ್ರ ಮುಚ್ಚಿಡದೆ ಬಂದು ಹೇಳಬೇಕು ಎಂದರು. ಅದಕ್ಕೂ ಮೊದಲೇ ಆ ಮದುವೆಯ ಕಂಕಣವನ್ನು ಅವಳೇ ನೂತಿದ್ದಳು. ತುಳಜಾಬಾಯಿ ಈಗಿಲ್ಲ. ಈ ಕಥೆಯನ್ನು ಬರೆಯಲೇ ಎಂದು ಕೇಳಿದಾಗ ಕಮಳಾಬಾಯಿ, ಹೆಸರು ಬದಲು ಮಾಡಿ ಬರೀರಿ, ಓದಿದ ಒಬ್ಬಳಾದರೂ ದವಾಖಾನಿಗೆ ಹೋಗಲಿ ಎಂದಳು.

ಹೊಸದಾಗಿ ಸೇರುವವರಿಗೆ ನನ್ನ ಮಾತು ಇಷ್ಟೇ. ಎಲ್ಲರಿಗೂ ಕೇಳಿ, ಕೂದಲು ನೋಡಿ ಬಿಡಬೇಡಿ. ದೂರು ಬಂದರೆ ಬೈಸಿಕೊಳ್ಳಿ. ನಕ್ಕರೆ ನೀವೂ ನಕ್ಕು ಗುಂಡಿ ಒತ್ತಿ. ನಗದಿದ್ದರೆ ಯಂತ್ರ ಆರಿಸಿ, ಬಾಗಿಲು ಸರಿಯಾಗಿ ಹಾಕಿದೆಯೇ ನೋಡಿ, ಪಕ್ಕದಲ್ಲಿ ಕೂಡಿ.

ನಾನು ನಿವೃತ್ತಳಾಗುವ ವರ್ಷ ಕಮಳಾಬಾಯಿ ಬೆನ್ನಿನ ಚಿತ್ರ ತೆಗೆಸಲು ಕೊನೆಯ ಸಲ ಬಂದಳು. ಬೆನ್ನು ನೆಟ್ಟಗಿತ್ತು. ಮೇಜಿನ ಮೇಲೆ ಮಲಗಿದವಳಿಗೆ ಎಂದಿನಂತೆ ಕೇಳಿದೆ. ಹೊರಗಾಗಿ ಎಷ್ಟು ದಿನ ಆಯ್ತು? ಅವಳು ನನ್ನನ್ನು ನೋಡಿದಳು, ನಾನು ಅವಳನ್ನು ನೋಡಿದೆ. ಆಮೇಲೆ ಅವಳು ಎಂಥ ನಗು ನಕ್ಕಳೆಂದರೆ, ಯಾವತ್ತೂ ಮಾತಾಡದ ಹಣಮಂತಪ್ಪ ಬೆಂಚಿನಿಂದ ಎದ್ದು ಬಂದು, ಒಳಗೆ ಏನಾಯಿತು ಎಂದು ಬಾಗಿಲು ಬಡಿದ. ಏನೂ ಆಗಿಲ್ಲ ಎಂದು ಇಬ್ಬರೂ ಒಟ್ಟಿಗೆ ಕೂಗಿ ಹೇಳಿದೆವು.